ಕಣ್ಣಿಗೆ ಕಾಣದ್ದು ಕಿವಿಗೆ ಕೇಳಿಸಿದಾಗ

ರಾತ್ರಿ ಹೊತ್ತು. ಉದ್ಯಾನದ ಕಲ್ಲುಗೋಡೆ ಪಕ್ಕದ ಕಾಲುದಾರಿಯಲ್ಲಿ ಒಬ್ಬಳು ನಡೆದು ಹೋಗುತ್ತಿದ್ದಾಳೆ. ಬೀದಿದೀಪದ ಕೆಳಗೆ ಒಂದಿಷ್ಟು ಬೆಳಕು, ಮುಂದಿನ ದೀಪ ಬರುವವರೆಗೆ ಬರೀ ಕತ್ತಲು. ಸ್ವಲ್ಪ ಹಿಂದೆ ಇನ್ನೊಬ್ಬಳು ಬರುತ್ತಿದ್ದಾಳೆ. ಸಂಗೀತವೇನೂ ಇಲ್ಲ, ಇಬ್ಬರ ಚಪ್ಪಲಿಯ ಟಕ್ ಟಕ್ ಅಷ್ಟೇ. ಇದ್ದಕ್ಕಿದ್ದಂತೆ ಹಿಂದಿನವಳ ಟಕ್ ಟಕ್ ನಿಂತುಬಿಡುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ. ದಾರಿ ಖಾಲಿ. ಅವಳು ಬೇಗ ಬೇಗ ಹೆಜ್ಜೆ ಹಾಕುತ್ತಾಳೆ, ಮತ್ತೆ ತಿರುಗುತ್ತಾಳೆ, ಓಡಲು ಶುರು ಮಾಡುತ್ತಾಳೆ. ಆಗ ಕಿವಿ ಸೀಳುವಂಥ ಒಂದು 'ಹಿಸ್ಸ್'! ಫ್ರೇಮಿನ ಹೊರಗಿನಿಂದ ಒಂದು ಬಸ್ಸು ನುಗ್ಗಿ ಬಂದು ಅವಳ ಮುಂದೆ ನಿಲ್ಲುತ್ತದೆ. ಕೇಳಿಸಿದ್ದು ಬರೀ ಬ್ರೇಕಿನ ಸದ್ದು.

ಇದು 1942ರ 'ಕ್ಯಾಟ್ ಪೀಪಲ್' ಸಿನಿಮಾದ ದೃಶ್ಯ. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್. ಇವತ್ತಿಗೂ ಸಿನಿಮಾ ಮಂದಿ ಇಂಥ ಹುಸಿ ಆಘಾತವನ್ನು 'ಲ್ಯೂಟನ್ ಬಸ್' ಅಂತಲೇ ಕರೆಯುತ್ತಾರೆ. ಎಲ್ಲರೂ ಹೊಗಳುವುದು ಆ ಬಸ್ಸನ್ನು. ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಹೆಜ್ಜೆ ಸದ್ದು ನಿಂತ ಆ ಕ್ಷಣ. ಹಿಂದಿನವಳು ಎಲ್ಲಿ ಹೋದಳು? ನಿಂತಳಾ, ಗೋಡೆ ಹತ್ತಿದಳಾ, ಇನ್ನೇನಾದರೂ ಆಗಿ ಬದಲಾದಳಾ? ಕಿವಿ ಏನೋ ಸುಳಿವು ಕೊಟ್ಟಿತು, ಕಣ್ಣು ಅದನ್ನು ಖಚಿತಪಡಿಸಲಿಲ್ಲ. ಹಾರರ್ ಸಿನಿಮಾದ ಬಿಗುವು ಹುಟ್ಟುವುದೇ ಇಲ್ಲಿ. ಕಣ್ಣಿಗೆ ಸಿಕ್ಕಿದ್ದಕ್ಕೂ ಕಿವಿಗೆ ಸಿಕ್ಕಿದ್ದಕ್ಕೂ ತಾಳೆಯಾಗದಿದ್ದಾಗ, ನಡುವಿನ ಜಾಗವನ್ನು ಮೆದುಳು ತಾನೇ ತುಂಬಿಸಿಕೊಳ್ಳುತ್ತದೆ. ತುಂಬಿಸುವಾಗ ಅದು ಒಳ್ಳೆಯದನ್ನು ಊಹಿಸುವುದಿಲ್ಲ.

ಮೊದಲು ಬೆಚ್ಚಿಬೀಳುವುದರ ಲೆಕ್ಕ ನೋಡೋಣ, ಅದು ಸರಳ. ತಟ್ಟನೆ ದೊಡ್ಡ ಸದ್ದಾದರೆ ಅದರ ಸುದ್ದಿ ಕಿವಿಯಿಂದ ಮೆದುಳಿನ ಕಾಂಡಕ್ಕೆ, ಅಲ್ಲಿಂದ ನೇರವಾಗಿ ಸ್ನಾಯುಗಳಿಗೆ ಹೋಗುತ್ತದೆ. ಯೋಚನೆ ಮಾಡುವ ಭಾಗವನ್ನು ಯಾರೂ ಕೇಳುವುದಿಲ್ಲ. ಸುಮಾರು 50 ಮಿಲಿಸೆಕೆಂಡಿನೊಳಗೆ ರೆಪ್ಪೆ ಮುಚ್ಚಿಕೊಳ್ಳಲು ಶುರುವಾಗುತ್ತದೆ, ಕತ್ತು ಕುಗ್ಗುತ್ತದೆ, ಭುಜ ಮೇಲೇರುತ್ತದೆ. 'ಇದು ಬರೀ ಸಿನಿಮಾ' ಅಂತ ಬುದ್ಧಿ ಹೇಳುವಷ್ಟರಲ್ಲಿ ಮೈ ಹಾರಿ ಆಗಿರುತ್ತದೆ. ಇಲ್ಲಿ ಸದ್ದು ಎಷ್ಟು ಜೋರು ಅನ್ನುವುದರ ಜೊತೆಗೆ ಎಷ್ಟು ಬೇಗ ಜೋರಾಯಿತು ಅನ್ನುವುದೂ ಮುಖ್ಯ. ಅದೇ ಸದ್ದು ನಿಧಾನವಾಗಿ ಏರಿದರೆ ಯಾರೂ ಬೆಚ್ಚುವುದಿಲ್ಲ.

ಆದರೆ ಒಂದೇ ಸದ್ದಿಗೆ ಎಲ್ಲ ಹೊತ್ತಿನಲ್ಲೂ ಒಂದೇ ಅಳತೆಯಲ್ಲಿ ಬೆಚ್ಚುತ್ತೇವಾ? ಇಲ್ಲ. 1951ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ದೀಪ ಹೊತ್ತಿದ ಮೇಲೆ ಶಾಕ್ ಹೊಡೆಯುತ್ತದೆ ಅನ್ನುವುದನ್ನು ಇಲಿಗಳಿಗೆ ರೂಢಿ ಮಾಡಿಸಿದರು. ಆಮೇಲೆ ಆ ದೀಪ ಹೊತ್ತಿರುವಾಗ ಜೋರಾದ ಸದ್ದು ಕೇಳಿಸಿದರೆ, ಇಲಿಗಳು ಮಾಮೂಲಿಗಿಂತ ಜಾಸ್ತಿ ಎತ್ತರ ಹಾರಿದವು. ಮೊದಲೇ ಭಯದಲ್ಲಿದ್ದ ಮೈ ಸದ್ದಿಗೆ ಹೆಚ್ಚು ಬೆಚ್ಚುತ್ತದೆ. ಮನುಷ್ಯರಲ್ಲೂ ಇದು ಹೀಗೇ. 1997ರಲ್ಲಿ ಕ್ರಿಶ್ಚಿಯನ್ ಗ್ರಿಯೋನ್ ಮತ್ತು ಸಂಗಡಿಗರು ಇನ್ನೂ ಸರಳವಾದದ್ದನ್ನು ತೋರಿಸಿದರು. ಬರೀ ಕತ್ತಲಲ್ಲಿ ಕೂರಿಸಿದರೂ ಸಾಕು, ಜನ ಅದೇ ಸದ್ದಿಗೆ ಹೆಚ್ಚು ಬೆಚ್ಚುತ್ತಾರೆ. ಹಾಗಾಗಿ ಬಸ್ಸಿನ ಸದ್ದಿಗೆ ಬಲ ಬಂದದ್ದು ಬಸ್ಸಿನಿಂದ ಅಲ್ಲ. ಅದಕ್ಕೆ ಮುಂಚಿನ ಕತ್ತಲು, ಹೆಜ್ಜೆ, ಖಾಲಿ ದಾರಿ ಇವೆಲ್ಲ ಸೇರಿ ನಮ್ಮ ಮೈಯನ್ನು ಬಿಗಿದು ಇಟ್ಟಿದ್ದವು. ಬಸ್ಸು ಬಂದು ಅದನ್ನು ಬಿಡಿಸಿತು.

ಸದ್ದಿಗೆ ಮುಂಚೆ ಮೌನ ಯಾಕೆ ಬೇಕು ಅನ್ನುವುದಕ್ಕೂ ಲ್ಯಾಬಿನಲ್ಲಿ ಒಂದು ಕಾರಣ ಸಿಕ್ಕಿದೆ. ದೊಡ್ಡ ಸದ್ದಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮುಂಚೆ ಒಂದು ಸಣ್ಣ ಸದ್ದು ಬಂದರೆ ಬೆಚ್ಚುವುದು ಕಡಿಮೆಯಾಗುತ್ತದೆ. ಆ ಸಣ್ಣ ಸದ್ದನ್ನು ಅರಗಿಸಿಕೊಳ್ಳುವಲ್ಲಿ ಮೆದುಳು ತೊಡಗಿರುವಾಗ ದೊಡ್ಡದರ ಪೆಟ್ಟು ತಗ್ಗುತ್ತದೆ. ಒಳ್ಳೆಯ ಸಂಕಲನಕಾರರು ಯಾವ ಲ್ಯಾಬಿಗೂ ಹೋಗದೆ, ಕಿವಿಯಿಂದಲೇ ಇದನ್ನು ಕಂಡುಕೊಂಡಿದ್ದಾರೆ. ಆಘಾತಕ್ಕೆ ಮುಂಚಿನ ಆ ಗಳಿಗೆಯಲ್ಲಿ ಅವರು ಬಟ್ಟೆಯ ಸರಸರವನ್ನೂ ಉಳಿಸುವುದಿಲ್ಲ.

ಬೆಚ್ಚುವುದು ಒಂದು ಕ್ಷಣದ ಮಾತು. ಅದಕ್ಕೆ ಮುಂಚೆ ನಿಮಿಷಗಟ್ಟಲೆ ಉಸಿರು ಬಿಗಿಹಿಡಿದು ಕೂರಿಸುವುದಿದೆಯಲ್ಲ, ಅದು ನಿಜವಾದ ಕಸುಬು. ಅದಕ್ಕೆ ಬೇಕಾದದ್ದು ಅನಿಶ್ಚಿತತೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 45 ಜನರಿಗೆ ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲಿನ ಕಲ್ಲುಗಳ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಂಥ ಸಣ್ಣ ಶಾಕ್. ಬೆವರು ಮತ್ತು ಕಣ್ಣಿನ ಪಾಪೆಯ ಅಳತೆ ನೋಡಿದರೆ, ಜನಕ್ಕೆ ಅತಿ ಹೆಚ್ಚು ಒತ್ತಡ ಆದದ್ದು ಶಾಕ್ ಖಂಡಿತ ಅಂತ ಗೊತ್ತಿದ್ದಾಗ ಅಲ್ಲ. ಹೊಡೆಯುವ ಸಂಭವ ಅರ್ಧಕ್ಕರ್ಧ ಇದ್ದಾಗ. ಬರುವುದು ಖಂಡಿತ ಅಂತಾದರೆ ಮನಸ್ಸು ಸಿದ್ಧವಾಗುತ್ತದೆ, ಬರುವುದಿಲ್ಲ ಅಂತಾದರೆ ಹಗುರಾಗುತ್ತದೆ. ಎರಡೂ ಅಲ್ಲದ ಜಾಗದಲ್ಲಿ ನಿಂತುಕೊಳ್ಳುವುದೇ ಕಷ್ಟ. ಹಾರರ್ ನಿರ್ದೇಶಕ ನಮ್ಮನ್ನು ಆ ಜಾಗದಲ್ಲೇ ನಿಲ್ಲಿಸಲು ನೋಡುತ್ತಾನೆ.

ಇದಕ್ಕೆ ಅವನಿಗೆ ನೆರವಾಗುವುದು ನಮ್ಮ ಕಣ್ಣಿನದೇ ಒಂದು ಮಿತಿ. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ನಡುವಿನ ತೀರಾ ಸಣ್ಣ ಜಾಗ, ಸುಮಾರು ಎರಡು ಡಿಗ್ರಿ. ಕೈ ನೀಡಿ ಹೆಬ್ಬೆರಳ ಉಗುರು ನೋಡಿ, ಹೆಚ್ಚುಕಡಿಮೆ ಅಷ್ಟು. ಉಳಿದದ್ದೆಲ್ಲ ಮಸುಕು. ಎಲ್ಲವೂ ಸ್ಪಷ್ಟವಾಗಿದೆ ಅನಿಸುವುದು ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತಾ ಇರುವುದರಿಂದ. ಸಾಮಾನ್ಯ ಸಿನಿಮಾದಲ್ಲಿ ನಿರ್ದೇಶಕ 'ಇಲ್ಲಿ ನೋಡಿ' ಅಂತ ದಾರಿ ತೋರಿಸುತ್ತಾನೆ. ಮುಖ ಇರುತ್ತದೆ, ಬೆಳಕು ಅದರ ಮೇಲೆ ಬಿದ್ದಿರುತ್ತದೆ, ಕಣ್ಣು ಅಲ್ಲಿಗೆ ಹೋಗಿ ಕೂರುತ್ತದೆ. ಹಾರರ್ ಸಿನಿಮಾದಲ್ಲಿ ಮುಖವನ್ನು ಒಂದು ಮೂಲೆಗೆ ತಳ್ಳಿ, ಪಕ್ಕದಲ್ಲಿ ಒಂದು ತೆರೆದ ಬಾಗಿಲನ್ನೋ ಉದ್ದನೆಯ ಖಾಲಿ ಗೋಡೆಯನ್ನೋ ಸುಮ್ನೆ ಬಿಟ್ಟಿರುತ್ತಾರೆ. ಅಲ್ಲಿ ಏನೂ ಇಲ್ಲ. ಆದರೂ ಕಣ್ಣು ಅಲ್ಲಿಗೆ ಹೋಗುತ್ತದೆ, ಮುಖಕ್ಕೆ ಮರಳುತ್ತದೆ, ಮತ್ತೆ ಹೋಗುತ್ತದೆ. ಒಂದನ್ನು ನೋಡುವಾಗ ಇನ್ನೊಂದು ಮಸುಕಾಗುತ್ತದೆ ಅಂತ ಮೆದುಳಿಗೆ ಗೊತ್ತು. ಶಾಟ್ ಉದ್ದವಾದಷ್ಟೂ ಈ ಕಾವಲು ಕೆಲಸ ಜಾಸ್ತಿಯಾಗುತ್ತದೆ. ಶಾಟ್ ಕತ್ತರಿಸಿದರೆ ಒಂದು ಬಿಡುವು ಸಿಗುತ್ತದೆ. ಅದನ್ನೇ ಅವರು ಕೊಡುವುದಿಲ್ಲ.

1978ರ 'ಹ್ಯಾಲೋವೀನ್'ನಲ್ಲಿ ಇದರ ಅದ್ಭುತವಾದ ಒಂದು ತುಣುಕಿದೆ. ಲಾರಿ ಅನ್ನುವ ಹುಡುಗಿ ಗೆಳತಿಯರ ಹೆಣ ನೋಡಿ, ಗೋಡೆಗೆ ಒರಗಿ ಅಳುತ್ತಿದ್ದಾಳೆ. ಅವಳ ಪಕ್ಕದಲ್ಲಿ ಒಂದು ಬಾಗಿಲು, ಒಳಗೆ ಗಾಢ ಕತ್ತಲು. ಆ ಕಪ್ಪಿನೊಳಗೆ ಏನೋ ಬೆಳ್ಳಗೆ ಕಾಣುತ್ತಿದೆಯಾ ಅಂತ ಅನುಮಾನ. ಇನ್ನೊಂದು ಕ್ಷಣಕ್ಕೆ ಅದು ಕೊಲೆಗಾರನ ಮುಖವಾಡ ಅಂತ ಖಚಿತ. ಅವನು ಎಲ್ಲಿಂದಲೂ ನಡೆದು ಬರಲಿಲ್ಲ, ಅಲ್ಲೇ ನಿಂತಿದ್ದ. ಛಾಯಾಗ್ರಾಹಕ ಡೀನ್ ಕಂಡೀ ಒಂದು ದೀಪವನ್ನು ಡಿಮ್ಮರಿನಲ್ಲಿ ನಿಧಾನವಾಗಿ ಏರಿಸಿದ್ದರು, ಅಷ್ಟೇ. ಆದರೆ ನೋಡುವವರಿಗೆ ಬೆಳಕು ಹೆಚ್ಚಿತು ಅನಿಸುವುದಿಲ್ಲ. ನಮ್ಮ ಕಣ್ಣೇ ಕತ್ತಲಿಗೆ ಒಗ್ಗಿಕೊಂಡಿತು, ಇಷ್ಟು ಹೊತ್ತು ನಾವೇ ಗಮನಿಸಿರಲಿಲ್ಲ ಅನಿಸುತ್ತದೆ. ಇದಾದ ಮೇಲೆ ಆ ಸಿನಿಮಾದ ಯಾವ ಕತ್ತಲ ಮೂಲೆಯನ್ನೂ ನಂಬಲು ಆಗುವುದಿಲ್ಲ.

ಇನ್ನು ಕಿವಿ. ಕಣ್ಣಿಗೆ ಪರದೆಯ ಅಂಚು ಇದೆ, ಕಿವಿಗೆ ಅಂಚೇ ಇಲ್ಲ. ಹಿಂದಿನಿಂದ, ಮೇಲಿನಿಂದ, ಗೋಡೆಯಾಚೆಯಿಂದ ಎಲ್ಲ ಕಡೆಯದೂ ಕೇಳುತ್ತದೆ. ಮುಚ್ಚಿಕೊಳ್ಳಲು ಅದಕ್ಕೆ ರೆಪ್ಪೆಯೂ ಇಲ್ಲ. ಥಿಯೇಟರಿನಲ್ಲಿ ಭಯವಾದಾಗ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ ಅಲ್ವಾ? ಆಗ ಚಿತ್ರ ಹೋಗಿ ಬರೀ ಸದ್ದು ಉಳಿಯುತ್ತದೆ, ಊಹೆಗೆ ಇನ್ನಷ್ಟು ಜಾಗ ಸಿಗುತ್ತದೆ. ಕಿವಿ ಮುಚ್ಚಿಕೊಂಡು ನೋಡಿದರೆ ಎಷ್ಟೋ ದೃಶ್ಯಗಳು ತಣ್ಣಗೆ ಕಾಣುತ್ತವೆ. 'ಹ್ಯಾಲೋವೀನ್' ನಿರ್ದೇಶಕ ಜಾನ್ ಕಾರ್ಪೆಂಟರ್ ಮೊದಲು ಸಂಗೀತವಾಗಲೀ ಸೌಂಡ್ ಎಫೆಕ್ಟ್ ಆಗಲೀ ಇಲ್ಲದ ಪ್ರತಿಯನ್ನು ಒಂದು ಸ್ಟುಡಿಯೋದ ಅಧಿಕಾರಿಗೆ ತೋರಿಸಿದ್ದರು. ಆಕೆಗೆ ಒಂದಿಷ್ಟೂ ಭಯವಾಗಲಿಲ್ಲ. ಆಮೇಲೆ ಕಾರ್ಪೆಂಟರ್ ಅವರೇ ಕೂತು ಸಂಗೀತ ಮಾಡಿದರು. ಆ ಪಿಯಾನೋ ಧಾಟಿ ಐದರ ಎಣಿಕೆಯಲ್ಲಿ ಓಡುತ್ತದೆ. ಚಿಕ್ಕಂದಿನಲ್ಲಿ ತಂದೆ ಬಾಂಗೋ ಬಾರಿಸುತ್ತಾ ಕಲಿಸಿದ ಎಣಿಕೆ ಅದು. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಎಲ್ಲಿ ಬಂದು ನಿಲ್ಲಬೇಕು ಅನ್ನುವುದೇ ತಿಳಿಯದಂತೆ ಅದು ಮುನ್ನುಗ್ಗುತ್ತಲೇ ಇರುತ್ತದೆ.

ಲಯ ಕೈಕೊಡುವುದು ಮೆದುಳಿಗೆ ಸಣ್ಣ ವಿಷಯವಲ್ಲ. 2007ರ ಒಂದು ಅಧ್ಯಯನದಲ್ಲಿ ಮೈಸ್ ಅನ್ನುವ ಪುಟ್ಟ ಇಲಿ‌ಗಳಿಗೂ ಮನುಷ್ಯರಿಗೂ ಒಂದೇ ಬಗೆಯ 'ಬೀಪ್' ಕೇಳಿಸಿದರು. ಒಂದು ಸಲ ಸಮನಾದ ಅಂತರದಲ್ಲಿ, ಇನ್ನೊಂದು ಸಲ ಅಂತರ ಏರುಪೇರು ಮಾಡಿ. ಸದ್ದಿನಲ್ಲಿ ಭಯ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಆದರೂ ಏರುಪೇರಾದಾಗ ಅಮಿಗ್ಡಲಾ ಹೆಚ್ಚು ಚುರುಕಾಯಿತು. ಅಪಾಯದ ಸುಳಿವು ಹಿಡಿಯುವುದು ಮೆದುಳಿನ ಆ ಭಾಗದ ದೊಡ್ಡ ಕೆಲಸಗಳಲ್ಲಿ ಒಂದು. ಮೇಲಿನ ಮಹಡಿಯಲ್ಲಿ ಕೇಳುವ 'ಟಕ್... ಟಕ್ ಟಕ್... ಟಕ್' ಯಾಕೆ ಕಾಡುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಹತ್ತಿರ ಬರುತ್ತಿರುವ ಸದ್ದಿನ ವಿಷಯದಲ್ಲಂತೂ ನಮ್ಮ ಕಿವಿ ಪಕ್ಷಪಾತಿ. 1998ರಲ್ಲಿ ಜಾನ್ ನ್ಯೂಹಾಫ್ ಇದನ್ನು ಅಳೆದು ತೋರಿಸಿದರು. ಜೋರಾಗುತ್ತಾ ಹೋಗುವ ಸ್ವರ ಮತ್ತು ಮೆಲ್ಲಗಾಗುತ್ತಾ ಹೋಗುವ ಸ್ವರ ಎರಡರಲ್ಲೂ ಬದಲಾವಣೆ ಅಷ್ಟೇ ಇದ್ದರೂ, ಏರಿದ್ದೇ ಹೆಚ್ಚು ಅಂತ ಕೇಳುಗರಿಗೆ ಅನಿಸಿತು. ಹತ್ತಿರ ಬರುವುದನ್ನು ಇದ್ದದ್ದಕ್ಕಿಂತ ಹತ್ತಿರ ಅಂದುಕೊಂಡರೆ ತಪ್ಪಿಸಿಕೊಳ್ಳಲು ಹೊತ್ತು ಸಿಗುತ್ತದೆ. ನಿಧಾನವಾಗಿ ಏರುವ ಗುಂಯ್‌ಗುಡುವಿಕೆ ಕೇಳಿದಾಗ, ಪರದೆಯ ಮೇಲೆ ಏನೂ ಕದಲದಿದ್ದರೂ ಏನೋ ಬರುತ್ತಿದೆ ಅಂತ ಮೈ ನಂಬುವುದು ಅದಕ್ಕೇ.

ಇನ್ನೊಂದು ಗುಣ ಸದ್ದಿನ ಒರಟುತನ. 1960ರ 'ಸೈಕೋ'ದ ಸ್ನಾನದ ಮನೆಯ ಕೊಲೆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಆದರೂ ಬರೆದರು, ಇಡೀ ಸಿನಿಮಾಕ್ಕೆ ತಂತಿವಾದ್ಯಗಳಲ್ಲಿ ಮಾತ್ರ. ಅದನ್ನು ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಆ ವಯಲಿನ್‌ಗಳು ರಾಗ ನುಡಿಸುವುದಿಲ್ಲ, ಕಿರುಚುತ್ತವೆ. ಕಿರುಚಾಟದಲ್ಲಿ ಏನಿದೆ ಅಂತ 2015ರಲ್ಲಿ ಲುಕ್ ಆರ್ನಾಲ್, ಡೇವಿಡ್ ಪೋಪೆಲ್ ಮತ್ತು ಸಂಗಡಿಗರು ಹುಡುಕಿದರು. ಮಾಮೂಲಿ ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚುವಾಗ ಅದು 30ರಿಂದ 150 ಸಲ ಅದುರುತ್ತದೆ. ಈ ಒರಟುತನ ಹೆಚ್ಚಾದಷ್ಟೂ ಜನಕ್ಕೆ ಹೆಚ್ಚು ಭಯ, ಅಮಿಗ್ಡಲಾಕ್ಕೆ ಹೆಚ್ಚು ಕೆಲಸ. ಅಪಾಯದ ಸೈರನ್ನುಗಳಲ್ಲೂ ಇದೇ ಒರಟುತನ ಸಿಕ್ಕಿತು. ಮಾರ್ಮಟ್ ಅನ್ನುವ ಅಳಿಲಿನ ಜಾತಿಯ ಪ್ರಾಣಿಗಳ ಕೂಗನ್ನು ಅಧ್ಯಯನ ಮಾಡುವ ಡೇನಿಯಲ್ ಬ್ಲುಮ್‌ಸ್ಟೀನ್ 2010ರಲ್ಲಿ 102 ಸಿನಿಮಾಗಳ ಧ್ವನಿಪಥ ಪರಿಶೀಲಿಸಿದರು. ಗಂಟಲು ಹರಿಯುವಂತೆ ಕೂಗಿದಾಗ ದನಿ ಒಡೆಯುತ್ತದಲ್ಲ, ಅಂಥ ಒಡಕು ಸದ್ದುಗಳು ಹಾರರ್ ಸಿನಿಮಾಗಳಲ್ಲಿ ಎದ್ದು ಕಂಡವು.

ಆದರೆ ಒರಟು ಸದ್ದು ಸುರಿದರೆ ಸಿನಿಮಾ ಆಗುವುದಿಲ್ಲ. ಸದ್ದಿಗೂ ಚಿತ್ರಕ್ಕೂ ಒಂದು ಒಪ್ಪಂದ ಬೇಕು, ಮತ್ತು ಸರಿಯಾದ ಹೊತ್ತಿಗೆ ಅದನ್ನು ಮುರಿಯುವ ಧೈರ್ಯ ಬೇಕು. 1975ರ ಶಾರ್ಕ್ ಸಿನಿಮಾ 'ಜಾಸ್' ಇದನ್ನು ಮಾಡಿದಷ್ಟು ಚೆನ್ನಾಗಿ ಬೇರೆಯವರು ಮಾಡಿದ್ದನ್ನು ನಾನು ಕಂಡಿಲ್ಲ. ಯಂತ್ರದ ಶಾರ್ಕ್ ಶೂಟಿಂಗ್ ವೇಳೆ ಪದೇ ಪದೇ ಕೆಟ್ಟದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಮರೆಯಲ್ಲೇ ಇಟ್ಟರು. ಶಾರ್ಕ್ ಇಲ್ಲದ ಜಾಗದಲ್ಲಿ ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್ ಅವರ ಎರಡು ಸ್ವರ ಬಂದು ಕೂತಿತು. ಆ ಸ್ವರ ಬಂತು ಅಂದರೆ ಶಾರ್ಕ್ ಬಂತು, ಅಷ್ಟು ಪಾಠ ನಮಗೆ ಬೇಗ ಆಗಿಬಿಡುತ್ತದೆ. ನಡುವೆ ಇಬ್ಬರು ಹುಡುಗರು ರಟ್ಟಿನ ಈಜುರೆಕ್ಕೆ ಇಟ್ಟುಕೊಂಡು ಕಡಲತೀರದಲ್ಲಿ ಗಲಾಟೆ ಎಬ್ಬಿಸುತ್ತಾರೆ. ಆಗ ಆ ಸ್ವರ ಬರುವುದಿಲ್ಲ. ಸಂಗೀತ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ. ಆಮೇಲೆ ದೋಣಿಯ ಹಿಂದೆ ಪೊಲೀಸ್ ಮುಖ್ಯಸ್ಥ ಗೊಣಗುತ್ತಾ ನೀರಿಗೆ ಮೀನಿನ ಚೂರು ಎಸೆಯುತ್ತಿರುವಾಗ, ಯಾವ ಸ್ವರವೂ ಇಲ್ಲದೆ ಶಾರ್ಕಿನ ತಲೆ ಮೇಲೆದ್ದು ಬರುತ್ತದೆ. ಅಲ್ಲಿಂದ ಮುಂದೆ ಮೌನವೂ ನಮ್ಮನ್ನು ಕಾಪಾಡುವುದಿಲ್ಲ, ಸಂಗೀತವೂ ಕಾಪಾಡುವುದಿಲ್ಲ.

ಅಗ್ಗದ ಹಾರರ್ ಸೋಲುವುದು ಈ ಒಪ್ಪಂದ ಇಲ್ಲದ್ದರಿಂದ. ಬೆಕ್ಕು ಹಾರಿತು ಧಡಾರ್, ಗೆಳೆಯ ಭುಜ ಮುಟ್ಟಿದ ಧಡಾರ್, ಕನ್ನಡಿಯಲ್ಲಿ ಯಾರೋ ಕಂಡರು ಧಡಾರ್. ಒಂದೇ ಬಗೆಯ ಸದ್ದು ಮತ್ತೆ ಮತ್ತೆ ಬಂದರೆ ಬೆಚ್ಚುವುದು ಕಡಿಮೆಯಾಗುತ್ತಾ ಹೋಗುತ್ತದೆ, ನರಮಂಡಲ ಒಗ್ಗಿಕೊಳ್ಳುತ್ತದೆ. ಆಗ ಇನ್ನೂ ಜೋರು ಮಾಡುವುದೊಂದೇ ದಾರಿ ಉಳಿಯುತ್ತದೆ. ಕೊನೆಗೆ ನೋಡುಗರಿಗೆ ಭಯದ ಬದಲು ತಲೆನೋವು ಬರುತ್ತದೆ.

ಮೊಬೈಲಿನಲ್ಲಿ ನೋಡಿದರೆ ಒಳ್ಳೆಯ ಹಾರರ್ ಕೂಡ ಸಪ್ಪೆ ಅನಿಸುವುದಕ್ಕೂ ಇಲ್ಲೇ ಕಾರಣ ಇದೆ. ಥಿಯೇಟರಿನ ಮಿಕ್ಸಿಂಗಿನಲ್ಲಿ ಮಾಮೂಲಿ ಮಟ್ಟ 85 ಡೆಸಿಬಲ್ ಅಂತ ಇಟ್ಟುಕೊಂಡು, ಅದರ ಮೇಲೆ ಇನ್ನೂ 20 ಡೆಸಿಬಲ್ ಏರಲು ಜಾಗ ಬಿಟ್ಟಿರುತ್ತಾರೆ. ಕೆಳಗೆ ಪಿಸುಮಾತು, ಮೇಲೆ ಸ್ಫೋಟ, ನಡುವೆ ವಿಶಾಲವಾದ ಅಂತರ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ಗುಂಯ್‌ಗುಡುವಿಕೆ ಹೊರಗೇ ಬರುವುದಿಲ್ಲ, ಪಿಸುಮಾತು ಕೋಣೆಯ ಗದ್ದಲದಲ್ಲಿ ಮುಳುಗುತ್ತದೆ. ಪರದೆಯಂತೂ ಅಂಗೈಯಷ್ಟು, ಖಾಲಿ ಬಾಗಿಲೂ ಮುಖವೂ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತವೆ. ಕಣ್ಣಿಗೆ ಕಾವಲು ಕೆಲಸವೇ ಇರುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ, ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ ನೋಡಿದರೆ, ಸೌಂಡ್ ಡಿಸೈನರ್ ಮತ್ತು ಛಾಯಾಗ್ರಾಹಕರು ತಿಂಗಳುಗಟ್ಟಲೆ ಕೂತು ಹೆಣೆದದ್ದರಲ್ಲಿ ಬಹಳಷ್ಟು ವಾಪಸ್ ಸಿಗುತ್ತದೆ.