ಐದು ಎಚ್‌ಪಿ ಮೋಟರಿಗೆ ಎಷ್ಟು ಯೂನಿಟ್?

ಮಂಡ್ಯದ ಗದ್ದೆಬಯಲಿನಲ್ಲಿ ‘ಎಷ್ಟರ ಮೋಟರು?’ ಎಂದರೆ ‘ಐದು ಎಚ್‌ಪಿ’, ಅಂದರೆ ಐದು ಹಾರ್ಸ್‌ಪವರ್, ಎಂಬ ಉತ್ತರ ಸಿಗುತ್ತದೆ. ಅದೇ ಮನೆಯ ಕರೆಂಟು ಬಿಲ್ಲಿನ ಲೆಕ್ಕ ಯೂನಿಟ್ಟಿನಲ್ಲಿರುತ್ತದೆ (ಒಂದು ಕಿಲೊವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್), ಬಿಸ್ಕತ್ತಿನ ಪೊಟ್ಟಣದ್ದು ಕಿಲೊಕ್ಯಾಲರಿಯಲ್ಲಿ, ಮಕ್ಕಳ ಭೌತವಿಜ್ಞಾನದ ಪುಸ್ತಕದ್ದು ಜೂಲ್‌ನಲ್ಲಿ. ಈ ಕೊನೆಯ ಮೂರನ್ನು ಒಂದರಿಂದ ಒಂದಕ್ಕೆ ತಿರುಗಿಸಲು ಗುಣಾಕಾರ ಬಂದರೆ ಸಾಕು. ಎಚ್‌ಪಿ ಮಾತ್ರ ಆ ಸಾಲಿನದಲ್ಲ. ಅದು ಶಕ್ತಿಯ ಮೊತ್ತವನ್ನಲ್ಲ, ಶಕ್ತಿ ವ್ಯಯವಾಗುವ ವೇಗವನ್ನು ಅಳೆಯುತ್ತದೆ. ‘ಅಶ್ವಶಕ್ತಿ’ ಎಂಬ ನಮ್ಮ ಪದದಲ್ಲಿಯೇ ಶಕ್ತಿ ಸೇರಿಕೊಂಡಿರುವುದರಿಂದ ಗೊಂದಲ ಇಮ್ಮಡಿಯಾಗಿದೆ. ‘ಅಶ್ವಸಾಮರ್ಥ್ಯ’ ಎಂದಿದ್ದರೆ ವಾಸಿಯಿತ್ತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಕುದುರೆಗಳಿಂದ ದುಡಿಸುತ್ತಿದ್ದವರಿಗೆ ಮಾರಬೇಕಿತ್ತು. ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದಡಿ ಎತ್ತುವುದು ಒಂದು ಕುದುರೆಯ ಕೆಲಸವೆಂದು ಆತ ನಿಗದಿಮಾಡಿದ. ಇಂದಿನ ಲೆಕ್ಕದಲ್ಲಿ ಅದು 746 ವಾಟ್. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗಲೂ ಮಾತು ಅಶ್ವಶಕ್ತಿಯದೇ ಆಗಿತ್ತು, ಏಕೆಂದರೆ ಗಣಿಯವರಿಗೆ ಆವರೆಗೆ ಗೊತ್ತಿದ್ದದ್ದು ಉಗಿಯಂತ್ರದ ಲೆಕ್ಕ. ಒಂದು ಎಚ್‌ಪಿ ವರ್ಷವಿಡೀ ಬಿಡುವಿಲ್ಲದೆ ದುಡಿದರೆ, 0.746 ಕಿಲೊವಾಟ್ ಅನ್ನು 8,760 ಗಂಟೆಗಳಿಂದ ಗುಣಿಸಿದಾಗ, ಸುಮಾರು 6,535 ಯೂನಿಟ್ ಆಗುತ್ತದೆ. ಕಾಲವನ್ನು ಸೇರಿಸದೆ ಎಚ್‌ಪಿಯಿಂದ ಯೂನಿಟ್ಟಿಗೆ ದಾರಿಯಿಲ್ಲ.

ಕ್ಯಾಲರಿ ಬಂದದ್ದು ಶಾಖದ ಕಡೆಯಿಂದ. 1820ರ ದಶಕದಲ್ಲಿ ಫ್ರಾನ್ಸಿನ ನಿಕೊಲಾ ಕ್ಲೆಮಾಂ ಒಂದು ಕಿಲೊ ನೀರನ್ನು ಒಂದು ಡಿಗ್ರಿ ಬಿಸಿಮಾಡುವ ಶಾಖಕ್ಕೆ ಈ ಹೆಸರಿಟ್ಟ. ಮುಂದೆ ಕಿಲೊ ಹೋಗಿ ಗ್ರಾಂ ಬಂದರೂ ಹೆಸರು ಬದಲಾಗಲಿಲ್ಲ, ಹಾಗಾಗಿ ಆಹಾರದ ಕ್ಯಾಲರಿ ಇಂದಿಗೂ ಗ್ರಾಂ ಲೆಕ್ಕದ ಕ್ಯಾಲರಿಗಿಂತ ಸಾವಿರಪಟ್ಟು ದೊಡ್ಡದು, ಅದೇ ಕಿಲೊಕ್ಯಾಲರಿ. ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೂಲ್, 1840ರ ದಶಕದಲ್ಲಿ, ಕೆಳಗಿಳಿಯುವ ತೂಕದಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ಕೆಲಸವೂ ಶಾಖವೂ ಒಂದೇ ಶಕ್ತಿಯ ಎರಡು ರೂಪಗಳೆಂದು ತೋರಿಸಿದ. 1948ರಲ್ಲಿ ಶಾಖಕ್ಕೂ ಜೂಲ್ ಅನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಅಳತೆಯ ಮಹಾಸಭೆ ನಿರ್ಣಯಿಸಿತು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್, ಅಥವಾ ಸುಮಾರು 860 ಕಿಲೊಕ್ಯಾಲರಿ.

ಆಲೆಮನೆಯಿಂದ ತಂದ ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 380 ಕಿಲೊಕ್ಯಾಲರಿ ಇರುತ್ತದೆ, 4.184ರಿಂದ ಗುಣಿಸಿದರೆ 1,590 ಕಿಲೊಜೂಲ್, 3,600ರಿಂದ ಭಾಗಿಸಿದರೆ 0.44 ಯೂನಿಟ್. ಐದು ಎಚ್‌ಪಿ ಎಂದರೆ 3.73 ಕಿಲೊವಾಟ್ ಆದ್ದರಿಂದ ಆ ಬೆಲ್ಲ ಏಳು ನಿಮಿಷದ ನೀರಾವರಿಗೆ ಸಮವೆನ್ನಬಹುದು. ಆದರೆ ಮೋಟರಿನ ಫಲಕದ ಮೇಲಿನ ಎಚ್‌ಪಿ ಅದರ ತಿರುಗುವ ದಂಡದಿಂದ (ಶಾಫ್ಟ್) ಹೊರಬರುವ ಸಾಮರ್ಥ್ಯವೇ ಹೊರತು ತಂತಿಯಿಂದ ಎಳೆದುಕೊಳ್ಳುವುದಲ್ಲ. ಶೇ 80ರ ದಕ್ಷತೆಯ ಮೋಟರು 4.66 ಕಿಲೊವಾಟ್ ಎಳೆಯುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವ ನಮ್ಮಲ್ಲಿ ಎಷ್ಟೋ ಕಡೆ ಮೀಟರೇ ಇಲ್ಲ, ಆದ್ದರಿಂದ ಈ ವ್ಯತ್ಯಾಸ ರೈತನ ಕಣ್ಣಿಗೆ ಬೀಳುವುದಿಲ್ಲ. ಮೀಟರಿನ ಲೆಕ್ಕದಲ್ಲಿ ಆ ಬೆಲ್ಲದ ತುಂಡು ಆರು ನಿಮಿಷಕ್ಕೂ ಸಾಲದು.