ಫ್ರಿಜ್ ಬಾಗಿಲಿನ ಪಟ್ಟಿ, ಅಜ್ಜನ ಬಸಿಯ ಕಾಫಿ

ಗೋಧಿ ಕೂಡದು. ಹಾಲು, ಮೊಸರು ಕೂಡದು. ಸಕ್ಕರೆ ಕೂಡದು. ಬಿಸ್ಕತ್ತು, ಬಣ್ಣದ ತಿಂಡಿ, ಅಂಗಡಿ ಉಪ್ಪು, ಯಾವುದೂ ಕೂಡದು. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ನಮ್ಮ ನೆಂಟರ ಮನೆಯ ಫ್ರಿಜ್ ಬಾಗಿಲಿಗೆ, ಮಾತು ತಡವಾದ, ನಿಂತಲ್ಲಿ ನಿಲ್ಲದ ಮಗುವಿಗೆ ಬಿಡಿಸಬೇಕಾದವು ಎಂದು ಇಂಥದೊಂದು ಪಟ್ಟಿ ಅಂಟಿಸಿದ್ದರು. ಮೊಬೈಲಿಗೆ ಯಾರೋ ಕಳಿಸಿದ್ದನ್ನು ಮಗುವಿನ ತಾಯಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಮಗನಿಗೆ ಮೂರೂವರೆ ವರ್ಷ. ಎಣಿಸಿದರೆ ಹತ್ತು ಹನ್ನೆರಡು ಪದ ಆಡುತ್ತಾನೆ, ಎರಡನ್ನು ಜೋಡಿಸುವುದಿಲ್ಲ. ನಾನು ಹೋದಾಗ ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಅವನ ಹಿಂದೆ ಕಾಫಿಯನ್ನು ಮತ್ತೆ ಹರವುತ್ತಾ ಒಬ್ಬ ಆಳು ಓಡುತ್ತಿದ್ದ.

"ಇನ್ನೇನು ಬಿಡಿಸಬೇಕು ಹೇಳಿ ಮಾವ" ಎಂದಳು ತಾಯಿ.

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಮ್ಮಲ್ಲಿ ಕಾಯಿಲೆ ಎಂದ ಕೂಡಲೇ ಪಥ್ಯ, ಪಥ್ಯ ಎಂದ ಕೂಡಲೇ ಬಿಡುವುದು. ಬಾಣಂತಿಗೆ ನೀರು ಬಿಡಿಸಿದವರು ನಾವು. ಮಗುವಿಗೆ ಮಾತು ಬಾರದಿದ್ದರೆ ಗೋಧಿ ಬಿಡಿಸುತ್ತೇವೆ. ಮೈಗೆ ಏನು ಸಾಲದೆ ಹೋಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಕ್ಕರೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಸಿಹಿ ತಿಂದ ಮಗು ಕುಣಿಯುತ್ತದೆ ಎಂಬ ನಂಬಿಕೆಯನ್ನು 1994ರಲ್ಲಿ ಅಮೆರಿಕದ ಹೂವರ್ ಮತ್ತು ಮಿಲಿಚ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬಹಳ ಚೆಂದವಾಗಿ ಪರೀಕ್ಷಿಸಿದರು. ಐದರಿಂದ ಏಳು ವರ್ಷದ 35 ಹುಡುಗರು, ಜೊತೆಗೆ ಅವರ ತಾಯಂದಿರು. ಹುಡುಗರೆಲ್ಲರಿಗೂ ಕೊಟ್ಟದ್ದು ಸಕ್ಕರೆಯೇ ಇಲ್ಲದ ಕೃತಕ ಸಿಹಿ. ಕೆಲವು ತಾಯಂದಿರಿಗೆ ಮಾತ್ರ "ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ" ಎಂದು ಸುಳ್ಳು ಹೇಳಿದರು. ಆ ತಾಯಂದಿರು ಮಗ ಇವತ್ತು ಹೆಚ್ಚು ಹಾರಾಡುತ್ತಿದ್ದಾನೆ ಎಂದು ಅಂಕ ಹಾಕಿದರು. ಅವನ ಬೆನ್ನ ಹಿಂದೆಯೇ ಸುತ್ತಿದರು, ಹೆಚ್ಚು ತಪ್ಪು ಹುಡುಕಿದರು. ಕುಣಿದದ್ದು ತಾಯಂದಿರ ಮನಸ್ಸು. ಹಲ್ಲು ಉಳಿಯಲಿ ಎಂದು ಸಕ್ಕರೆ ಕಡಿಮೆ ಮಾಡುವುದಾದರೆ ಧಾರಾಳವಾಗಿ ಮಾಡಿ. ಓಟ ನಿಲ್ಲುತ್ತದೆ ಎಂದು ಕಾಯಬೇಡಿ.

ಬಣ್ಣದ ಮಾತು ಅಷ್ಟು ಸಲೀಸಲ್ಲ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಲರ್ಜಿ ವೈದ್ಯ ಬೆನ್ ಫೈನ್‌ಗೋಲ್ಡ್, ಕೃತಕ ಬಣ್ಣ ಮತ್ತು ಪರಿಮಳಗಳೇ ಮಕ್ಕಳ ಚಂಚಲತೆಗೆ ಕಾರಣ ಎಂದು ಸಾರಿದ್ದರು. ಅವರು ಹೇಳಿದಷ್ಟು ದೊಡ್ಡ ಪರಿಣಾಮ ಮುಂದಿನ ಪರೀಕ್ಷೆಗಳಲ್ಲಿ ಸಿಗಲಿಲ್ಲ. ಆದರೆ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮೂರು ವರ್ಷದ 153 ಮತ್ತು ಎಂಟು ಒಂಬತ್ತು ವರ್ಷದ 144 ಮಕ್ಕಳಿಗೆ ಕೃತಕ ಬಣ್ಣ, ಜೊತೆಗೆ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ ಚಂಚಲತೆ ತುಸು ಏರಿದ್ದು ಕಂಡಿತು. ತುಸು ಎಂಬ ಪದವನ್ನು ದಯವಿಟ್ಟು ಗಮನಿಸಿ. 2010ರಿಂದ ಯುರೋಪಿನಲ್ಲಿ ಆರು ಬಣ್ಣಗಳಿಗೆ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ನಮ್ಮ ರಾಜ್ಯ ಸರ್ಕಾರವೂ 2024ರಲ್ಲಿ ಗೋಬಿ ಮಂಚೂರಿಗೆ, ಕಾಟನ್ ಕ್ಯಾಂಡಿಗೆ, ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಹಾಗಾಗಿ ಪಟ್ಟಿಯ ಆ ಸಾಲನ್ನು ನಾನು ಹೊಡೆದುಹಾಕಲಿಲ್ಲ. "ಹಾಗಾದರೆ ಕಕ್ಕಡದಲ್ಲಿ ಮದ್ದು ಸೊಪ್ಪಿನ ಪಾಯಸ?" ಎಂದು ಅಜ್ಜಿ ಗಾಬರಿಯಿಂದ ಕೇಳಿದರು. ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ರಸದಿಂದ ಮಾಡುವ ಪಾಯಸವದು. ಅದು ನೇರಳೆ ಬಣ್ಣದ್ದೇ ಇರಬಹುದು, ಮರುದಿನ ಮೂತ್ರವೂ ಕೆಂಪಾಗಬಹುದು, ಆದರೆ ಅದು ಗಿಡದ ಬಣ್ಣ, ಆ ಆರರಲ್ಲಿ ಒಂದಲ್ಲ. ವರ್ಷಕ್ಕೊಮ್ಮೆ ಒಂದು ಸೌಟು ಪಾಯಸಕ್ಕೆ ಹೆದರಬೇಕಾಗಿಲ್ಲ.

ಇನ್ನು ಗೋಧಿ, ಹಾಲು. ಇದಕ್ಕೊಂದು ವಂಶಾವಳಿಯಿದೆ. 1979ರಲ್ಲಿ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ, ಆಟಿಸಂ (ಮಾತು, ಒಡನಾಟ ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರುವ ಮಕ್ಕಳ ಮೆದುಳಿನಲ್ಲಿ ಅಫೀಮಿನಂಥ ರಾಸಾಯನಿಕಗಳ ಆಟ ಹೆಚ್ಚಿರಬಹುದೇ ಎಂದು ಊಹಿಸಿದರು. ಗೋಧಿ ಮತ್ತು ಹಾಲಿನ ಪ್ರೋಟೀನು ಅರೆಬರೆ ಜೀರ್ಣವಾದಾಗ ಹುಟ್ಟುವ ತುಣುಕುಗಳಿಗೂ ಅಂಥ ಗುಣ ಉಂಟೆಂದು ಇತರರು ಅದಕ್ಕೆ ಸೇರಿಸಿದರು. ಊಹೆ ಜಾಣತನದ್ದೇ. ಆದರೆ 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಇವೆರಡನ್ನೂ ಬಿಟ್ಟಿದ್ದ 14 ಮಕ್ಕಳಿಗೆ ಗುಟ್ಟಾಗಿ ಕೆಲವೊಮ್ಮೆ ಗೋಧಿಯ, ಕೆಲವೊಮ್ಮೆ ಹಾಲಿನ, ಕೆಲವೊಮ್ಮೆ ಎರಡೂ ಇಲ್ಲದ ತಿಂಡಿ ಕೊಟ್ಟರು. ನಿದ್ದೆ, ಹೊಟ್ಟೆ, ನಡವಳಿಕೆ, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಗೋಧಿಯಿಂದ ಕರುಳಿಗೇ ಪೆಟ್ಟು ಬೀಳುವ ಸೀಲಿಯಾಕ್ ಕಾಯಿಲೆ ಬೇರೆ ಮಾತು. ಅದನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು.

ಕೊಡಗಿನವರಿಗೆ ಇದರಲ್ಲಿ ಇನ್ನೊಂದು ತಮಾಷೆಯಿದೆ. ಬೆಂಗಳೂರಿನ ತಾಯಿ ಗೋಧಿಯಿಲ್ಲದ ಬ್ರೆಡ್ಡಿಗೆ ನೂರಾರು ರೂಪಾಯಿ ತೆರುತ್ತಾಳೆ. ಇಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಮನಸ್ಸು ಬಂದರೆ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು. ಎಲ್ಲವೂ ಅಕ್ಕಿಯವೇ. ಈ ಅಡುಗೆಮನೆಗಳಿಗೆ ಗೋಧಿ ಹೊಕ್ಕದ್ದು ಬಿಸ್ಕತ್ತು ಮತ್ತು ಪರೋಟದ ವೇಷದಲ್ಲಿ, ಅದೂ ಈಚೆಗೆ. ಮಾತನ್ನು ಕಟ್ಟಿಹಾಕುತ್ತಿದ್ದದ್ದು ಗೋಧಿಯೇ ಆಗಿದ್ದರೆ ಅಕ್ಕಿ ತಿಂದು ಬೆಳೆದ ಈ ಸೀಮೆಯಲ್ಲಿ ಮಾತು ತಡವಾದ ಮಗುವೇ ಹುಟ್ಟಬಾರದಿತ್ತು. ಎಲ್ಲ ಊರಿನಲ್ಲಿ ಹುಟ್ಟಿದಂತೆ ಇಲ್ಲಿಯೂ ಹುಟ್ಟಿವೆ.

ಹಾಲು ಬಿಟ್ಟ ಜಾಗಕ್ಕೆ ಏನು ಬಂದಿದೆ ಎಂಬುದನ್ನು ಅಂದು ಸಂಜೆ ಕಣ್ಣಾರೆ ಕಂಡೆ. ಅಜ್ಜ ಜಗಲಿಯಲ್ಲಿ ಕುಳಿತು ಬೆಲ್ಲದ ಕರಿಕಾಫಿಯನ್ನು ಬಸಿಗೆ ಸುರಿದು, ಮೂರು ಸಲ ಊದಿ, ಮೊಮ್ಮಗನ ಬಾಯಿಗೆ ಹಿಡಿದರು. ಅಷ್ಟು ಹೊತ್ತಿನಲ್ಲಿ ಹುಡುಗ ಒಂದು ಕಡೆ ನಿಂತದ್ದು ಆಗ ಮಾತ್ರ. ಉಳಿದದ್ದಕ್ಕೆ ಅಕ್ಕಿರೊಟ್ಟಿಯ ತುಂಡು ಅದ್ದಿ ತಿಂದ. ದಿನಕ್ಕೆ ಮೂರು ಬಸಿಯಂತೆ. ಫ್ರಿಜ್ ಬಾಗಿಲಿನ ಪಟ್ಟಿಯಲ್ಲಿ ಕಾಫಿಯ ಹೆಸರಿರಲಿಲ್ಲ.

"ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ" ಎಂದರು ಅಜ್ಜ. ಇದೆ. ಅದನ್ನು ಹಿಡಿದಿಟ್ಟುಕೊಳ್ಳುವ ವಸ್ತುವೂ ಅದೇ ಬಸಿಯಲ್ಲಿದೆ. ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಅಂಟಿಕೊಂಡು ಕರುಳು ಹೀರದಂತೆ ಮಾಡುತ್ತವೆ. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಮೈಗೆ ಸೇರುವ ಕಬ್ಬಿಣ ಶೇ 39ರಷ್ಟು ಇಳಿಯಿತು, ಚಹಾ ಕುಡಿದಾಗ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಿರಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಕೆಡಿಸಿತು.

ಕಬ್ಬಿಣ ಎಂದರೆ ರಕ್ತ, ರಕ್ತ ಎಂದರೆ ಕೆಂಪು, ಅಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ಮೆದುಳಿನ ಕಥೆ ಇನ್ನೂ ಸೊಗಸು. ಹಣ್ಣು ಕಾಫಿ ನೇರವಾಗಿ ಪೇಟೆಗೆ ಹೋಗುವುದಿಲ್ಲ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಕಳಚಿ, ಒಳಸಿಪ್ಪೆ ಮಾತ್ರ ಉಳಿದ ಪಾರ್ಚ್‌ಮೆಂಟ್ ಆಗಬೇಕು, ಆಮೇಲೆ ಕ್ಯೂರಿಂಗ್‌ನಲ್ಲಿ ಅದೂ ಕಳಚಿ ಬೀಜವಾಗಬೇಕು. ಆಹಾರದ ಪ್ರೋಟೀನಿನಿಂದ ಬರುವ ಟೈರೊಸಿನ್ ನಮ್ಮ ಹಣ್ಣು ಕಾಫಿ ಎಂದಿಟ್ಟುಕೊಳ್ಳಿ. ಅದು ಎಲ್-ಡೋಪ ಆಗಿ, ಆಮೇಲೆ ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಆಗಬೇಕು. ಮೊದಲ ಹೆಜ್ಜೆಯ ಪಲ್ಪರ್‌ಗೆ ಟೈರೊಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವೆಂದು ಹೆಸರು. ಅದರ ಹೊಟ್ಟೆಯೊಳಗೆ ಕಬ್ಬಿಣದ ಒಂದೇ ಒಂದು ಪರಮಾಣು ಕುಳಿತಿರುತ್ತದೆ, ಹಲ್ಲಿನ ಹಾಗೆ. ಹಲ್ಲಿಲ್ಲದ ಪಲ್ಪರ್ ಎಷ್ಟು ತಿರುಗಿಸಿದರೇನು, ಹಣ್ಣು ಹಣ್ಣಾಗಿಯೇ ಉದುರುತ್ತದೆ. ಇನ್ನು ಡೋಪಮಿನ್‌ನ ಕೆಲಸಗಳಲ್ಲಿ ಒಂದು, ತೋಟದಲ್ಲಿ ಆಳುಗಳಿಗೆ ಕೆಲಸ ಹಂಚುವ ರೈಟರನ ಕೆಲಸ: ಯಾವ ಸದ್ದಿಗೆ ತಿರುಗಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ರೈಟರ್ ಬಾರದ ದಿನ ತೋಟದಲ್ಲಿ ಎಲ್ಲರೂ ಓಡಾಡುತ್ತಿರುತ್ತಾರೆ, ಕೆಲಸ ಮಾತ್ರ ಆಗಿರುವುದಿಲ್ಲ.

ಎರಡನೆಯದು ತಂತಿ. ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ, ಸಂದೇಶ ಬೇಗ ಓಡುವುದು ಅದರಿಂದ. ಆ ಹೊದಿಕೆ ನೇಯುವ ಜೀವಕೋಶಗಳು ಕಬ್ಬಿಣಕ್ಕೆ ಬಕಾಸುರರು. 1998ರಲ್ಲಿ ಚಿಲಿ ದೇಶದ ಆರು ತಿಂಗಳ ಶಿಶುಗಳ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ, ಅದು ಮೆದುಳಿನ ಕಾಂಡದಲ್ಲಿ ಎಷ್ಟು ಬೇಗ ಸಾಗುತ್ತದೆ ಎಂದು ಅಳೆದರು. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದ ಶಿಶುಗಳಲ್ಲಿ ಸದ್ದು ನಿಧಾನವಾಗಿ ಸಾಗಿತ್ತು. ಮಾತು ಬರುವುದು ಕಿವಿಯ ದಾರಿಯಲ್ಲಿ. ಮಳೆಗಾಲದಲ್ಲಿ ಕೊಂಬೆ ಬಿದ್ದ ತಂತಿಯಲ್ಲಿ ಹಾದುಬಂದ ಫೋನಿನ ಮಾತನ್ನು ಕೇಳಿ ನುಡಿ ಕಲಿಯಬೇಕಾಗಿ ಬಂದರೆ ಹೇಗಿರಬಹುದು!

ಹಾಗೆಂದು ಮಾತು ತಡವಾದ ಮಗುವಿಗೆಲ್ಲ ಕಬ್ಬಿಣವೇ ಮದ್ದು ಎಂದರೆ ನಾನೂ ಇನ್ನೊಂದು ಪಟ್ಟಿ ಅಂಟಿಸಿದಂತಾಗುತ್ತದೆ. ಕೊರತೆಯಿದ್ದವರಿಗೆ ಮಾತ್ರ ಅದು ಮದ್ದು. ಅಳೆಯದೆ ಕುಡಿಸಿದರೆ ವಿಷವೂ ಹೌದು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಕಂಡಿರುವಾಗ, ಮೊದಲು ನೋಡಬೇಕಾದದ್ದು ಅದನ್ನಲ್ಲವೇ?

ಕೇಳುತ್ತಾ ಹೋದಂತೆ ಇನ್ನೊಂದು ಸಂಗತಿ ಹೊರಬಿತ್ತು. ಪಟ್ಟಿ ಬರುವ ಮೊದಲು ಹುಡುಗ ಬಾಟಲಿಯಲ್ಲಿ ದಿನಕ್ಕೆ ಒಂದು ಲೀಟರ್ ಹಾಲು ಕುಡಿಯುತ್ತಿದ್ದನಂತೆ, ಊಟ ಸೇರುತ್ತಿರಲಿಲ್ಲ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕಬ್ಬಿಣ ಸುಮಾರು ಅರ್ಧ ಮಿಲಿಗ್ರಾಂ. ಈ ವಯಸ್ಸಿನ ಮಗುವಿನ ದಿನದ ಊಟದಲ್ಲಿ ಇರಬೇಕಾದದ್ದು ಏಳೆಂಟು ಮಿಲಿಗ್ರಾಂ. ಹಾಲಿನ ಕ್ಯಾಲ್ಸಿಯಂ ಉಳಿದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಹಾಲು ಬಿಡಿಸಿದ ಮೇಲೆ ಮಗು ಚುರುಕಾಯಿತು ಎಂದು ಕೆಲವರು ಆಣೆ ಮಾಡಿ ಹೇಳುತ್ತಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಿಲ್ಲ. ಹೊಟ್ಟೆ ಖಾಲಿಯಾಗಿ ಮಗು ಅನ್ನ ಸಾರು ತಿನ್ನತೊಡಗಿರಬಹುದು, ಅಫೀಮಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನನ್ನ ಊಹೆ. ದಿನಕ್ಕೆ ಅರ್ಧ ಲೀಟರಿನೊಳಗೆ ಹಾಲು ಇರಲಿ ಎಂದೆ. ಹಂದಿ ಮಾಂಸ ಉಷ್ಣ ಎಂದು ಮಗುವಿಗೆ ಕೊಡುತ್ತಿರಲಿಲ್ಲವಂತೆ. ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ, ಕಾಫಿಯ ಕಾಟವೂ ಅದಕ್ಕೆ ಕಡಿಮೆ. ಖಾರ ಕಡಿಮೆ ಮಾಡಿ ನುಣ್ಣಗೆ ಬೇಯಿಸಿದ ನಾಲ್ಕು ತುಂಡು ಮಗುವಿಗೇಕೆ ಬೇಡ?

ಹೊರಡುವ ಮುನ್ನ ಅಡುಗೆಮನೆಗೆ ಹೋದರೆ ಒಲೆಯ ಪಕ್ಕ ಗುಲಾಬಿ ಉಪ್ಪಿನ ಭರಣಿ. 'ರಾಸಾಯನಿಕ ಇಲ್ಲದ ಹಿಮಾಲಯದ ಉಪ್ಪು' ಎಂದಳು ತಾಯಿ. ನನಗೆ ನಿಜವಾಗಿ ಕಳವಳವಾದದ್ದು ಆಗ. ಆಹಾರಕ್ಕೂ ಬುದ್ಧಿ, ಮಾತು, ಕಿವಿಗಳಿಗೂ ಇರುವ ನಂಟುಗಳಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾದದ್ದು ಅಯೋಡಿನ್‌ನದು. ಅಯೋಡಿನ್ ಸಾಲದ ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ ಒಂದು ಕಾಲಕ್ಕೆ ಕುಳ್ಳರಾಗಿ, ಕಿವುಡರಾಗಿ, ಮೂಕರಾಗಿ ಬೆಳೆದ ಮಕ್ಕಳು ಸಾಮಾನ್ಯವಾಗಿದ್ದರು. 1922ರಲ್ಲಿ ಅಪೆಂಜೆಲ್ ಪ್ರಾಂತ್ಯದಲ್ಲಿ ಹಾನ್ಸ್ ಎಗ್ಗೆನ್‌ಬೆರ್ಗರ್ ಎಂಬ ವೈದ್ಯ ಉಪ್ಪಿಗೆ ಅಯೋಡಿನ್ ಬೆರೆಸಿಸಿದ ಮೇಲೆ ಅಲ್ಲಿ ಗಳಗಂಡವಿಲ್ಲದ ಶಿಶುಗಳು ಹುಟ್ಟತೊಡಗಿದವು. ನಮ್ಮ ದೇಶದಲ್ಲಿ 1956ರಲ್ಲಿ ಆರಂಭವಾದ, ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯ ಅಧ್ಯಯನದಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅದನ್ನೇ ತೋರಿಸಿದರು. ಗುಡ್ಡದ ಮಣ್ಣಿನ ಅಯೋಡಿನ್ ಮಳೆಯಲ್ಲಿ ತೊಳೆದು ಸಮುದ್ರ ಸೇರುತ್ತದೆ; ಮಳೆಯ ವಿಷಯವನ್ನು ಕೊಡಗಿನವರಿಗೆ ನಾನು ಹೇಳಬೇಕೇ? ಪಾಕಿಸ್ತಾನದ ಖೇವ್ರಾ ಗಣಿಯಲ್ಲಿ ಅಗೆಯುವ ಈ ಬಗೆಯ ಗುಲಾಬಿ ಉಪ್ಪಿನಲ್ಲಿ, ಬೆರೆಸದ ಹೊರತು, ಲೆಕ್ಕಕ್ಕೆ ಸಿಗುವಷ್ಟು ಅಯೋಡಿನ್ ಇರುವುದಿಲ್ಲ. 'ರಾಸಾಯನಿಕ' ಎಂದು ಇವಳು ತೆಗೆದುಹಾಕಿದ್ದು ಅದನ್ನೇ. ಅಯೋಡಿನ್ ಇರುವ ಉಪ್ಪನ್ನೂ ಬಾಯಿ ತೆರೆದ ಭರಣಿಯಲ್ಲಿ ಇಟ್ಟು, ಆಷಾಢದ ತೇವಕ್ಕೆ ನೀರೊಡೆಯಲು ಬಿಟ್ಟರೆ ಅಯೋಡಿನ್ ಕೈಬಿಟ್ಟು ಹೋಗುತ್ತದೆ. ಮುಚ್ಚಳ ಭದ್ರವಿರಲಿ.

ನಾಲಿಗೆಗೆ ಜೇನು ಹಚ್ಚಿ ಬಜೆ ತೇಯ್ದು ನೆಕ್ಕಿಸಿದ್ದಾಗಿದೆ ಎಂದು ಅಜ್ಜಿ ಮೆಲ್ಲಗೆ ಸೇರಿಸಿದರು. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ, ಬಾಟ್ಯುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ವಿಷಬಾಧೆ ಬರಬಹುದು. ಬಜೆಯನ್ನು ಆಹಾರದಲ್ಲಿ ಬಳಸದಂತೆ ಅಮೆರಿಕ 1968ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ಅರೆಭಾಷೆ, ತೋಟದ ಆಳುಗಳ ಲೈನ್ ಮನೆಯ ಮಕ್ಕಳಿಂದ ಮಲಯಾಳ, ಟಿವಿಯಲ್ಲಿ ಕನ್ನಡ, ಇದರಿಂದಲೇ ಗೊಂದಲವಾಗಿದೆ ಎಂಬ ಮಾತೂ ಬಂತು. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಕಿವಿ ಕೇಳದಿದ್ದರೆ ಆಗುತ್ತದೆ. ಇಷ್ಟೆಲ್ಲ ಮಾಡಿದವರು ಹುಡುಗನ ಕಿವಿಯನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ವರ್ಷಪೂರ್ತಿ ನೆಗಡಿಯಿರುವ ಮಗುವಿನ ಕಿವಿಪರದೆಯ ಹಿಂದೆ ಅಂಟುನೀರು ತುಂಬಿಕೊಂಡರೆ ಅದು ಹೇಳಿಕೊಳ್ಳುವುದೂ ಇಲ್ಲ, ಅಳುವುದೂ ಇಲ್ಲ. ಕರೆದರೆ ತಿರುಗುವುದಿಲ್ಲ, ಅಷ್ಟೇ.

ಕಳೆದ ವಾರ ತಾಯಿ ಫೋನು ಮಾಡಿದ್ದಳು. ಹಿಮೋಗ್ಲೋಬಿನ್ 8.7 ಬಂದಿದೆ, ಮಕ್ಕಳ ವೈದ್ಯರು ಮೂರು ತಿಂಗಳಿಗೆ ಕಬ್ಬಿಣದ ಸಿರಪ್ ಬರೆದಿದ್ದಾರೆ. ಕಿವಿ ಮತ್ತು ಮಾತಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮುಂದಿನ ಸೋಮವಾರ ಹೋಗುತ್ತಾರೆ. ಸಿರಪ್ಪನ್ನು ಕಿತ್ತಳೆ ರಸದ ಜೊತೆ ಕೊಟ್ಟರೆ ಹೆಚ್ಚು ಹತ್ತುತ್ತದೆ ಎಂದಿದ್ದೆ. ಅಜ್ಜ ಈಗ ಸಂಜೆ ಬಸಿಗೆ ರಸ ಸುರಿದು, ಅಭ್ಯಾಸಬಲದಿಂದ ಅದನ್ನೂ ಮೂರು ಸಲ ಊದಿ ಕೊಡುತ್ತಾರಂತೆ.