ಒಂದೇ ರಾಕೆಟ್, ಐದು ವೇಷ

ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಹಾರುವ ದಿನ ಟಿವಿಯಲ್ಲಿ ಅದರ ಬುಡವನ್ನು ಗಮನಿಸಿ. ಸಾಮಾನ್ಯವಾಗಿ ಆರು ಪುಟ್ಟ ರಾಕೆಟ್‌ಗಳು ಸುತ್ತ ಅಂಟಿಕೊಂಡಿರುತ್ತವೆ. ಕೆಲವು ಸಲ ನಾಲ್ಕೋ ಎರಡೋ ಇರುತ್ತವೆ, ಕೆಲವು ಸಲ ಒಂದೂ ಇರುವುದಿಲ್ಲ. ಇವಕ್ಕೆ ಸ್ಟ್ರ್ಯಾಪ್-ಆನ್ ಅಂತಾರೆ. ಏರು ಹತ್ತುವಾಗ ಹೇರಿದ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ.

ಶುರುವಿನಲ್ಲಿ ಇಷ್ಟೆಲ್ಲ ಆಯ್ಕೆ ಇರಲಿಲ್ಲ. ಬೆಂಗಳೂರಿನಲ್ಲಿ ತಯಾರಾದ, ಭೂಮಿಯ ಚಿತ್ರ ತೆಗೆಯುವ ಐಆರ್‌ಎಸ್-1ಎ ಉಪಗ್ರಹವನ್ನು 1988ರಲ್ಲಿ ಬೈಕನೂರಿಗೆ ಒಯ್ದು, ಸೋವಿಯತ್ ರಾಕೆಟ್‌ನಲ್ಲಿ ಕಳಿಸಬೇಕಾಯಿತು. ಒಂದು ಟನ್ ಆಸುಪಾಸಿನ ಇಂಥ ಉಪಗ್ರಹಗಳನ್ನು ನಾವೇ ಧ್ರುವ ಕಕ್ಷೆಗೆ (ಅಂದರೆ ಎರಡೂ ಧ್ರುವಗಳ ಮೇಲಿಂದ ಉತ್ತರ-ದಕ್ಷಿಣವಾಗಿ ಸುತ್ತುವ ದಾರಿಗೆ) ಏರಿಸಬೇಕು ಅಂತ ಹುಟ್ಟಿದ್ದು ಪಿಎಸ್‌ಎಲ್‌ವಿ. 1993ರ ಸೆಪ್ಟೆಂಬರ್ 20ರ ಮೊದಲ ಹಾರಾಟ ಬಂಗಾಳ ಕೊಲ್ಲಿಯಲ್ಲಿ ಮುಗಿಯಿತು. ಮರುವರ್ಷ ಅಕ್ಟೋಬರ್ 15ರಂದು ಗೆದ್ದಿತು. ಆಗ ಹೊತ್ತದ್ದು 804 ಕೆಜಿ.

ನಮ್ಮ ಜಾಗದ್ದೂ ಒಂದು ತಕರಾರಿದೆ. ಶ್ರೀಹರಿಕೋಟದಿಂದ ಸೀದಾ ದಕ್ಷಿಣಕ್ಕೆ ಹಾರಿಸಿದರೆ ದಾರಿಯಲ್ಲಿ ಶ್ರೀಲಂಕಾ ಸಿಗುತ್ತದೆ. ಹಾಗಾಗಿ ಮೊದಲು ಆಗ್ನೇಯಕ್ಕೆ ಹೋಗಿ, ಆಮೇಲೆ ದಕ್ಷಿಣಕ್ಕೆ ಹೊರಳಬೇಕು. ಆ ತಿರುವಿಗೆ ಇಂಧನ ಸುಡುತ್ತದೆ, ಹೊರುವ ತೂಕಕ್ಕೆ ಕತ್ತರಿ ಬೀಳುತ್ತದೆ.

ಹೊರಗಿನ ಗಿರಾಕಿಗಳು ಬಂದದ್ದು 1999ರಲ್ಲಿ. ನಮ್ಮ ಓಷನ್‌ಸ್ಯಾಟ್ ಜೊತೆಗೆ ಕೊರಿಯಾ, ಜರ್ಮನಿಯ ಒಂದೊಂದು ಪುಟ್ಟ ಉಪಗ್ರಹ ಸವಾರಿ ಮಾಡಿದವು. 2007ರ ಏಪ್ರಿಲ್‌ನಲ್ಲಿ ಇಟಲಿಯ ಅಜೀಲ್ ಬಂತು, ಬರೀ 352 ಕೆಜಿ. ಅದಕ್ಕೆ ಆರು ಸ್ಟ್ರ್ಯಾಪ್-ಆನ್ ಸುಮ್ನೆ ದಂಡ ಅಲ್ವಾ? ಎಲ್ಲವನ್ನೂ ಕಳಚಿದರು. ಈ ರೂಪದ ಹೆಸರು 'ಕೋರ್ ಅಲೋನ್'. ನೆಲದ ಮೇಲೆ ಸುಮಾರು 230 ಟನ್ ತೂಗುತ್ತದೆ.

ಮರುವರ್ಷವೇ ಉಲ್ಟಾ ಸಮಸ್ಯೆ. ಚಂದ್ರಯಾನ-1ಕ್ಕೆ ಜಾಸ್ತಿ ಬಲ ಬೇಕಿತ್ತು. ಒಂದೊಂದು ಸ್ಟ್ರ್ಯಾಪ್-ಆನ್‌ನಲ್ಲಿ ಸುಮಾರು 9 ಟನ್ ಇದ್ದ ಘನ ಇಂಧನವನ್ನು 12 ಟನ್‌ಗೆ ಏರಿಸಿದರು. ಇದೇ ಎಕ್ಸ್‌ಎಲ್, ಸುಮಾರು 320 ಟನ್‌ನ ಆಸಾಮಿ. ಆರನ್ನೂ ಒಟ್ಟಿಗೆ ಹೊತ್ತಿಸುವುದಿಲ್ಲ: ನಾಲ್ಕು ನೆಲದಲ್ಲೇ ಉರಿಯುತ್ತವೆ, ಉಳಿದೆರಡು ಸುಮಾರು 25 ಸೆಕೆಂಡ್ ಆದ ಮೇಲೆ ಗಾಳಿಯಲ್ಲಿ. 600 ಕಿಮೀ ಎತ್ತರದ ಧ್ರುವ ಕಕ್ಷೆಗೆ ಇದು 1,750 ಕೆಜಿ ಒಯ್ಯಬಲ್ಲದು. ಕೋರ್ ಅಲೋನ್‌ಗೆ ಸುಮಾರು 1,100 ಕೆಜಿ.

2017ರಲ್ಲಿ 104 ಉಪಗ್ರಹ ಒಟ್ಟಿಗೆ ಹಾರಿದ್ದು ದೊಡ್ಡ ಸುದ್ದಿಯಾಯಿತು. ಅದೂ ಎಕ್ಸ್‌ಎಲ್. ನನಗೆ ಆ ಎಣಿಕೆಗಿಂತ ತೂಕದ ಚೀಟಿಯೇ ಕುತೂಹಲ: ಒಟ್ಟು ಸುಮಾರು 1,378 ಕೆಜಿ, ಅದರಲ್ಲಿ 714 ಕೆಜಿ ನಮ್ಮ ಕಾರ್ಟೊಸ್ಯಾಟ್-2 ಒಂದರದ್ದೇ. ಉಳಿದ 103 ಸೇರಿಯೂ ಅದರಷ್ಟು ತೂಗಲಿಲ್ಲ.

ಪೂರ್ತಿ ಬೋಳು, ಪೂರ್ತಿ ಆರು, ಇವೆರಡರ ನಡುವಿನ ಖಾಲಿ ಜಾಗ ತುಂಬಿದ್ದು 2019ರಲ್ಲಿ. ಜನವರಿಯಲ್ಲಿ ಎರಡು ಸ್ಟ್ರ್ಯಾಪ್-ಆನ್‌ನ ಡಿಎಲ್, ಏಪ್ರಿಲ್‌ನಲ್ಲಿ ನಾಲ್ಕರ ಕ್ಯೂಎಲ್. ಡಿಎಲ್‌ನ ಮೊದಲ ಹಾರಾಟದಲ್ಲಿ ವಿದ್ಯಾರ್ಥಿಗಳು ಮಾಡಿದ ಪುಟಾಣಿ ಕಲಾಂಸ್ಯಾಟ್ ಕೂಡ ಇತ್ತು. ಅದನ್ನು ಬೇರ್ಪಡಿಸಲೇ ಇಲ್ಲ. ಕೆಲಸ ಮುಗಿಸಿದ ರಾಕೆಟ್‌ನ ತುದಿಯ ಭಾಗವಾದ ನಾಲ್ಕನೇ ಹಂತಕ್ಕೇ ಅಂಟಿಕೊಂಡು ಭೂಮಿಯನ್ನು ಸುತ್ತಿತು.